ಕ್ಯಾಮ್ ಒಂದೇ ಹಾಕಿದ್ರೆ ರೇಸ್ ಇಂಜಿನ್ ಆಗಲ್ಲ ಸ್ವಾಮಿ!

"ರೇಸ್ ಕ್ಯಾಮ್ ಹಾಕಿಸಿದೀನಿ ಮಗಾ, ಇನ್ನು ಏಳೂವರೆ ಸಾವಿರ ಆರ್‌ಪಿಎಂ ಗ್ಯಾರಂಟಿ". ಬೆಂಗಳೂರಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳತ್ತೆ. ವಾಲ್ವ್ ಸ್ಪ್ರಿಂಗ್ ಯಾವುದಪ್ಪಾ ಅಂದ್ರೆ "ಕಂಪನಿದೇ ಇದೆಯಲ್ಲ" ಅಂತಾರೆ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದ ನನಗೆ ಮೈ ಉರಿಯೋದು ಇಲ್ಲೇ.

ನಮ್ಮ ಸಿದ್ದಾಪುರದ ಕಡೆ ಭತ್ತದ ಗದ್ದೆ ಉಳೋ ಟ್ರ್ಯಾಕ್ಟರ್ ಸುಮಾರು ಎರಡು ಸಾವಿರ ಆರ್‌ಪಿಎಂನಲ್ಲೇ ಜೀವನ ಕಳೆಯತ್ತೆ. ಅದರ ಸ್ಪ್ರಿಂಗಿಗೆ ಆರಾಮ್ ನೌಕರಿ. ಕೆ-1000 ರ‍್ಯಾಲಿಯಲ್ಲಿ ಧೂಳೆಬ್ಬಿಸಿದ ಮಾರುತಿ ಜಿಪ್ಸಿ ತಗೊಳ್ಳಿ. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ ಮಾದರಿಯಲ್ಲಿ 6000 ಆರ್‌ಪಿಎಂಗೆ 80 ಬಿಎಚ್‌ಪಿ. ಇದನ್ನ 7500ಕ್ಕೆ ಏರಿಸಿದ್ರೆ ಒಂದೊಂದು ವಾಲ್ವೂ ಸೆಕೆಂಡಿಗೆ 62 ಸಲಕ್ಕೂ ಹೆಚ್ಚು ತೆರೆದು ಮುಚ್ಚಬೇಕು. ವೇಗ ಏರಿದ್ದು ಕಾಲು ಭಾಗ ಅಷ್ಟೆ. ಆದ್ರೆ ವಾಲ್ವನ್ನ ಕ್ಯಾಮಿನ ಹಿಂದೆಯೇ ಓಡಿಸೋಕೆ ಬೇಕಾದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ಒಂದೂವರೆ ಪಟ್ಟಿಗೂ ಜಾಸ್ತಿ. ಅದೂ ಹಳೇ ಕ್ಯಾಮಿಗೇ!

ಬಲ ಸಾಲದಿದ್ರೆ ವಾಲ್ವ್ ತೇಲತ್ತೆ, ಹೊತ್ತಿಗೆ ಸರಿಯಾಗಿ ಮುಚ್ಚಲ್ಲ. ಮೊದಲು ಪವರ್ ಬೀಳತ್ತೆ. ಜಾಗ ಕಡಿಮೆ ಇದ್ರೆ ಪಿಸ್ಟನ್ ಬಂದು ಗುದ್ದತ್ತೆ. ಅಲ್ಲಿಗೆ ಕಥೆ ಮುಗೀತು.

"ಹಂಗಾದ್ರೆ ಸಿಕ್ಕಿದ್ದರಲ್ಲಿ ಗಟ್ಟಿ ಸ್ಪ್ರಿಂಗ್ ಹಾಕ್ಬಿಡೋಣ" ಅನ್ನೋ ಶೂರರೂ ಇದ್ದಾರೆ. ಬೇಡದ ಬಲ ಕ್ಯಾಮ್, ರಾಕರ್ ಎರಡನ್ನೂ ಸವೆಸತ್ತೆ ಕಣ್ರೀ. ಮೊದಲು ಎಷ್ಟು ಆರ್‌ಪಿಎಂ ಅಂತ ತೀರ್ಮಾನ ಮಾಡಿ. ಆಮೇಲೆ ಕ್ಯಾಮ್, ಅದಕ್ಕೆ ಹೊಂದೋ ಸ್ಪ್ರಿಂಗ್, ರಿಟೇನರ್, ಲಾಕ್, ಎಲ್ಲಾ ಒಂದೇ ಸೆಟ್ಟಾಗಿ. ರಿಟೇನರ್ ಹಗುರ ಆದಷ್ಟೂ ಸ್ಪ್ರಿಂಗಿನ ಹೊರೆ ಇಳಿಯತ್ತೆ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು, ರಿಟೇನರ್ ಸೀಲಿಗೆ ಬಡಿಯಬಾರದು. ಪಿಸ್ಟನ್ ಮೇಲೆ ಮಕ್ಕಳಾಡೋ ಕ್ಲೇ ಇಟ್ಟು, ಇಂಜಿನ್ನನ್ನ ಕೈಯಲ್ಲಿ ತಿರುಗಿಸಿ ಜಾಗ ಅಳೀಬೇಕು.

"ರೆವ್ ಲಿಮಿಟರ್ ಇದೆಯಲ್ಲ" ಅಂತೀರಾ? ಐದನೇ ಗೇರಿಂದ ನಾಲ್ಕರ ಬದಲು ಎರಡಕ್ಕೆ ಬಿದ್ರೆ ಇಂಜಿನ್ ತಿರುಗಿಸೋದು ಚಕ್ರಗಳು. ಪೆಟ್ರೋಲ್ ನಿಲ್ಲಿಸೋ ಲಿಮಿಟರ್ ಆಗ ಏನು ಕಿಸಿಯತ್ತೆ?

ಅಳತೆ ಮಾಡದೆ ಕ್ಯಾಮ್ ಮಾರೋ ಗ್ಯಾರೇಜುಗಳಿಗೆ ನಮ್ಮ ಹುಡುಗರು ಸುರಿಯೋದು ಎಷ್ಟೋ ಸಲ ಅಪ್ಪ ಭತ್ತ ಮಾರಿ ಕಳಿಸಿದ ದುಡ್ಡು. ಇಂಜಿನ್ ಒಡೆದ್ರೆ "ನೀನೇ ಜಾಸ್ತಿ ರೇಸ್ ಮಾಡಿದೆ" ಅಂತ ತಪ್ಪು ಹುಡುಗನ ತಲೆಗೇ. ರೇಸ್ ಮಾಡೋಕೆ ತಾನೇ ಸ್ವಾಮಿ ಕಟ್ಟಿಸಿದ್ದು?

ದುಡ್ಡು ಕೊಡೋ ಮುಂಚೆ ಅಳತೆಗಳನ್ನ ಬರೆದು ಕೊಡಿ ಅನ್ನಿ. ಬರೆದು ಕೊಡದವರ ಕೈಗೆ ಸ್ಪ್ಯಾನರ್ ಕೊಡಬೇಡಿ. ಏನಂತೀರಿ?