ಅಂಗಿಯ ಅಂಕಿತ

ಬಿಳಿಯ ಹತ್ತಿಯ ಅಂಗಿಗಿಂತ ಸಾಮಾನ್ಯವಾದ ಉಡುಪು ಇನ್ನೊಂದಿರಲಾರದು. ಮೇಷ್ಟರು ತೊಡುತ್ತಾರೆ, ಗುಮಾಸ್ತರು ತೊಡುತ್ತಾರೆ, ಚುನಾವಣೆ ಬಂದಾಗ ಎಲ್ಲ ಪಕ್ಷದ ಅಭ್ಯರ್ಥಿಗಳೂ ತೊಡುತ್ತಾರೆ. ಇಂಥ ಅಂಗಿಯ ಬಟ್ಟೆ ೨೦೨೪ರ ಮೇ ತಿಂಗಳಲ್ಲಿ ರೋಮ್ ನಗರದ ಒಂದು ವೈಭವದ ಕೂಟದಲ್ಲಿ ಉದ್ದನೆಯ ನಿಲುವಂಗಿಯಾಗಿ ಕಾಣಿಸಿಕೊಂಡಿತು. ತೊಟ್ಟವರು ಹಾಲಿವುಡ್ಡಿನ ಪ್ರಸಿದ್ಧ ನಟಿ ಆನ್ ಹ್ಯಾಥವೇ. ಕೊರಳಲ್ಲಿ ಬುಲ್ಗರಿ ಸಂಸ್ಥೆಯ ರತ್ನಹಾರ. ಮೈಮೇಲೆ, ಅಮೆರಿಕದ ಪೇಟೆಪೇಟೆಗಳಲ್ಲಿ ಅಂಗಡಿಗಳಿರುವ ಗ್ಯಾಪ್ ಎಂಬ ಸಿದ್ಧ ಉಡುಪಿನ ಸಂಸ್ಥೆಯ ಬಟ್ಟೆ. ಅದೇ ಮಾದರಿಯ ಉಡುಪನ್ನು ಆ ಸಂಸ್ಥೆ ಸ್ವಲ್ಪದರಲ್ಲೇ ೧೫೮ ಡಾಲರಿಗೆ ಮಾರಾಟಕ್ಕಿಟ್ಟಿತು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಖರ್ಚಾಗಿ ಹೋದವಂತೆ.

ಕನ್ನಡ ಪಾಠ ಹೇಳುವವನಿಗೆ ಷೋಕಿಯ ವಿಚಾರವೇಕೆ ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ನನ್ನ ಬಟ್ಟೆಬರೆಯನ್ನು ಕಂಡವರು ಇನ್ನೂ ಗಟ್ಟಿಯಾಗಿಯೇ ಕೇಳಿಯಾರು. ಆದರೆ ಮಾರ್ಗ, ದೇಸಿ ಎಂಬ ಎರಡು ಮಾತುಗಳನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವವನಿಗೆ ಈ ಸಂಗತಿ ತೀರ ಹೊರಗಿನದೆಂದು ತೋರುವುದಿಲ್ಲ. ಬೀದಿಯ ಮಾತು ಆಸ್ಥಾನವನ್ನು ಹೊಕ್ಕಾಗ ಏನಾಗುತ್ತದೆ? ಮಾತು ಬದಲಾಗುತ್ತದೆಯೇ, ಆಸ್ಥಾನ ಬದಲಾಗುತ್ತದೆಯೇ, ಅಥವಾ ಬೆಲೆ ಮಾತ್ರ ಬದಲಾಗುತ್ತದೆಯೇ? ಗ್ಯಾಪ್ ಸಂಸ್ಥೆ ಈಚೆಗೆ ತನ್ನನ್ನು ಉನ್ನತ ಫ್ಯಾಷನ್ನಿನ ಪಂಕ್ತಿಗೆ ಏರಿಸಿಕೊಳ್ಳಲು ಮಾಡುತ್ತಿರುವ ಯತ್ನವನ್ನು ನೋಡುವಾಗ ಈ ಹಳೆಯ ಪ್ರಶ್ನೆಯೇ ನನಗೆ ನೆನಪಾಯಿತು.

ಸಂಸ್ಥೆಯ ಹುಟ್ಟಿನಲ್ಲಿ ಏರುವ ಆಸೆ ಇರಲಿಲ್ಲ. ೧೯೬೯ರಲ್ಲಿ ಡಾನ್ ಫಿಷರ್, ಡೋರಿಸ್ ಫಿಷರ್ ಎಂಬ ದಂಪತಿಗಳು ಸಾನ್ ಫ್ರಾನ್ಸಿಸ್ಕೋದ ಓಷನ್ ಅವೆನ್ಯೂದಲ್ಲಿ ಒಂದು ಅಂಗಡಿ ತೆರೆದರು. ತನ್ನ ಅಳತೆಗೆ ಒಪ್ಪುವ ಜೀನ್ಸ್ ಎಲ್ಲಿಯೂ ದೊರೆಯದೆ ಬೇಸತ್ತವರು ಡಾನ್. ಅಲ್ಲಿ ಮಾರುತ್ತಿದ್ದುದು ಲೀವೈಸ್ ಕಂಪೆನಿಯ ಜೀನ್ಸುಗಳು ಮತ್ತು ಹಾಡಿನ ತಟ್ಟೆಗಳು. ಹಿರಿಯರಿಗೂ ಕಿರಿಯರಿಗೂ ನಡುವೆ ಬಿದ್ದಿದ್ದ ಕಂದಕವನ್ನೇ ಸೂಚಿಸಿ ಗ್ಯಾಪ್ ಎಂದು ಹೆಸರಿಟ್ಟವರು ಡೋರಿಸ್. ೧೯೮೩ರಲ್ಲಿ ಮಿಕಿ ಡ್ರೆಕ್ಸ್ಲರ್ ಎಂಬಾತ ಬಂದ ಮೇಲೆ ಅಂಗಡಿಯ ಸ್ವರೂಪ ಬದಲಾಯಿತು. ಪರರ ಸರಕನ್ನು ಬಿಟ್ಟು ಸ್ವಂತ ಹೆಸರಿನ ಅಂಗಿ, ಖಾಕಿ ಷರಾಯಿ, ಡೆನಿಮ್ಮು. ಬಣ್ಣ ಸರಳ, ಹೊಲಿಗೆ ಸರಳ. ತೊಟ್ಟವರನ್ನು ಬಟ್ಟೆ ನುಂಗಿಬಿಡಬಾರದು ಎಂಬುದೇ ಅದರ ತತ್ತ್ವವೆಂದು ಹೇಳಬಹುದು.

ವಿಚಿತ್ರವೆಂದರೆ, ಏರಬೇಕೆಂಬ ಹಂಬಲವಿಲ್ಲದಿದ್ದ ಆ ದಿನಗಳಲ್ಲೇ ಅದು ನಿಜವಾಗಿ ಮೇಲೇರಿತ್ತು. ಷೋಕಿಯ ಲೋಕದ ಧರ್ಮಗ್ರಂಥವೆಂದೇ ಹೇಳಬಹುದಾದ ವೋಗ್ ಪತ್ರಿಕೆಯ ಅಮೆರಿಕದ ಆವೃತ್ತಿ ನೂರು ವರ್ಷ ತುಂಬಿದಾಗ, ೧೯೯೨ರ ಏಪ್ರಿಲ್ ಸಂಚಿಕೆಯ ಮುಖಪುಟದಲ್ಲಿ ಆ ಕಾಲದ ಹತ್ತು ಮಂದಿ ಅತಿಪ್ರಸಿದ್ಧ ರೂಪದರ್ಶಿಗಳು ತೊಟ್ಟದ್ದು ಗ್ಯಾಪ್‌ನ ಬಿಳಿಯ ಅಂಗಿ ಮತ್ತು ಬಿಳಿಯ ಜೀನ್ಸು. ೧೯೯೮ರ ಆಸ್ಕರ್ ಸಮಾರಂಭಕ್ಕೆ ನಟಿ ಷರಾನ್ ಸ್ಟೋನ್ ಗಂಡಸರ ಬಿಳಿಯ ಅಂಗಿಯೊಂದನ್ನು ವೆರಾ ವಾಂಗ್ ರಚಿಸಿದ ಲಂಗದ ಮೇಲೆ ತೊಟ್ಟು ಬಂದರು. ಆ ಅಂಗಿಯೂ ಗ್ಯಾಪ್‌ನದೇ. ಅಲ್ಲಿ ಚಮತ್ಕಾರ ಅಂಗಿಯದಲ್ಲ, ತೊಟ್ಟವರದು. ಅಂಗಿ ತನ್ನ ಪಾಡಿಗೆ ತಾನು ಅಂಗಿಯಾಗಿಯೇ ಇತ್ತು, ಅದಕ್ಕೆ ಕರ್ತೃವಿರಲಿಲ್ಲ. ಬೀಸುವ ಪದಕ್ಕೆ ಕರ್ತೃವನ್ನು ಯಾರೂ ಕೇಳುವುದಿಲ್ಲ, ಹಾಡಿದವಳ ದನಿಯನ್ನು ಕೇಳುತ್ತಾರೆ, ಇದೂ ಹಾಗೆಯೇ.

ಉನ್ನತ ಫ್ಯಾಷನ್ನಿನ ಕಥೆ ಇದಕ್ಕೆ ತದ್ವಿರುದ್ಧ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲೇಯ ೧೮೫೮ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮಳಿಗೆ ತೆರೆದ. ಅದಕ್ಕೆ ಮುಂಚೆ ದರ್ಜಿಗಳಿಗೆ ಹೇಳಿ ಹೊಲಿಸುತ್ತಿದ್ದವರು ಶ್ರೀಮಂತ ಮಹಿಳೆಯರು. ಬಟ್ಟೆ ಅವರದು, ಮಾದರಿ ಅವರದು, ದರ್ಜಿಗೆ ಕೂಲಿ. ವರ್ತ್ ಇದನ್ನು ತಿರುಗುಮುರುಗು ಮಾಡಿದ. ಮಾದರಿಯನ್ನು ತಾನೇ ಕಲ್ಪಿಸಿ, ಚಿತ್ರಕಾರ ಪಟದ ಮೂಲೆಯಲ್ಲಿ ಸಹಿ ಹಾಕುವಂತೆ, ತನ್ನ ಹೆಸರಿನ ಪಟ್ಟಿಯನ್ನು ಉಡುಪಿನ ಒಳಗೆ ಹೊಲಿಸಿದ. ಅಂದಿನಿಂದ ಉಡುಪಿಗೆ ಅಂಕಿತ ಬಂದಿತು. ೧೯೪೫ರಿಂದ ಫ್ರಾನ್ಸಿನಲ್ಲಿ ಓತ್ ಕುಟೂರ್ ಎಂಬ ಮಾತಿಗೆ ಕಾನೂನಿನ ರಕ್ಷಣೆಯೇ ಇದೆ: ಗಿರಾಕಿಯ ಅಳತೆ ತೆಗೆದು, ಪ್ಯಾರಿಸ್ಸಿನ ಸ್ವಂತ ಕಾರ್ಯಾಗಾರದಲ್ಲಿ ಹೊಲಿಸದ ಮನೆತನ ಆ ಮಾತನ್ನು ಬಳಸುವಂತಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ವಚನಕಾರರೂ ಅಂಕಿತವಿಟ್ಟರು. ಆದರೆ ಬಸವಣ್ಣನವರು ವಚನದ ಕೊನೆಯಲ್ಲಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ಕೂಡಲಸಂಗಮನ ಹೆಸರನ್ನು. ಅಂಕಿತ ಎಂದೊಡನೆ ಅಹಂಕಾರವೇ ಆಗಬೇಕಿಲ್ಲ. ವರ್ತ್‌ನ ಅಂಕಿತ ಮಾತ್ರ ನಿಸ್ಸಂದೇಹವಾಗಿ ವರ್ತ್‌ನದೇ.

ಮಾರ್ಗದವರು ದೇಸಿಗೆ ಇಳಿದ ಉದಾಹರಣೆಗಳು ಬೇಕಾದಷ್ಟಿವೆ. ಅಮೆರಿಕದ ಪ್ರಸಿದ್ಧ ವಿನ್ಯಾಸಕಾರ ಹಾಲ್‌ಸ್ಟನ್ ೧೯೮೩ರಲ್ಲಿ ಜೆ. ಸಿ. ಪೆನಿ ಎಂಬ ಜನಸಾಮಾನ್ಯರ ಮಳಿಗೆಗೆ ಉಡುಪು ರಚಿಸಲು ಒಪ್ಪಿದಾಗ, ನ್ಯೂಯಾರ್ಕಿನ ಶ್ರೀಮಂತ ಮಳಿಗೆಯಾದ ಬರ್ಗ್‌ಡಾರ್ಫ್ ಗುಡ್‌ಮನ್ ಅವನ ಸರಕನ್ನೇ ಕೈಬಿಟ್ಟಿತು. ಪಂಕ್ತಿಭೇದ ನಮ್ಮ ಛತ್ರಗಳಲ್ಲಿ ಮಾತ್ರ ಇತ್ತೆಂದು ತಿಳಿಯಬೇಕಾಗಿಲ್ಲ. ಇಪ್ಪತ್ತೊಂದು ವರ್ಷಗಳ ತರುವಾಯ, ೨೦೦೪ರಲ್ಲಿ, ಶನೆಲ್ ಮನೆತನದ ಕಾರ್ಲ್ ಲಾಗರ್‌ಫೆಲ್ಡ್ ಎಚ್ ಅಂಡ್ ಎಮ್ ಎಂಬ ಅಗ್ಗದ ಅಂಗಡಿಗೆ ಉಡುಪು ರಚಿಸಿಕೊಟ್ಟಾಗ ಜನ ಬಾಗಿಲಲ್ಲಿ ಸಾಲುಗಟ್ಟಿದರು. ಮೈಲಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಇಳಿಯುವುದು ಸುಲಭವಾಯಿತು. ಏರುವುದು?

ಗ್ಯಾಪ್‌ನ ಈಚಿನ ಚರಿತ್ರೆಯಲ್ಲಿ ತಡಕಾಟವೇ ಹೆಚ್ಚು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಅದಕ್ಕಿಂತ ಅಗ್ಗವಾಗಿಯೂ ಚುರುಕಾಗಿಯೂ ಮಾರುವವರು ಬಂದಿದ್ದರು. ೨೦೧೦ರಲ್ಲಿ ತನ್ನ ಲಾಂಛನವನ್ನು ಬದಲಾಯಿಸಿ, ಜನರ ನಗೆಗೀಡಾಗಿ, ಒಂದು ವಾರದಲ್ಲಿ ಹಳೆಯದಕ್ಕೇ ಹಿಂತಿರುಗಿತು. ೨೦೨೦ರಲ್ಲಿ ಕಾನ್ಯೆ ವೆಸ್ಟ್ ಎಂಬ ಗಾಯಕನೊಡನೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅದು ಮುರಿದುಬಿತ್ತು. ೨೦೨೩ರಲ್ಲಿ, ಬಾರ್ಬಿ ಗೊಂಬೆಗೆ ಮರುಜನ್ಮ ಕೊಟ್ಟವರೆಂದು ಹೆಸರಾದ ರಿಚರ್ಡ್ ಡಿಕ್ಸನ್ ಮುಖ್ಯಾಧಿಕಾರಿಯಾಗಿ ಬಂದರು. ೨೦೨೪ರ ಫೆಬ್ರವರಿಯಲ್ಲಿ ಜಾಕ್ ಪೋಸೆನ್ ಅವರು ವಿನ್ಯಾಸದ ಹೊಣೆ ಹೊತ್ತರು. ಪೋಸೆನ್ ಎಂದರೆ ರಾಣಿಯರ ನಡಿಗೆಗೆ ತಕ್ಕ ದೊಡ್ಡ ಘೇರಿನ ಗೌನುಗಳನ್ನು ರಚಿಸಿದ ಕೈ. ಅವರ ಸ್ವಂತ ಮಳಿಗೆ ೨೦೧೯ರಲ್ಲಿ ಹಣ ಸಾಲದೆ ಮುಚ್ಚಿತ್ತು. ಹಣವಿದ್ದು ಹೆಸರು ಮಾಸಿದ ಅಂಗಡಿ, ಹೆಸರಿದ್ದು ಹಣ ಕಳೆದ ಕಲಾವಿದ: ಕವಿಗೆ ಆಶ್ರಯ ಬೇಕು, ದೊರೆಗೆ ಕಾವ್ಯ ಬೇಕು. ನಮ್ಮ ಸಾಹಿತ್ಯ ಚರಿತ್ರೆ ಓದಿದವರಿಗೆ ಈ ಸಂಬಂಧ ಹೊಸದಲ್ಲ.

ಪೋಸೆನ್ ಅವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಲೇಬೇಕು. ೨೦೨೪ರ ಮೇ ತಿಂಗಳಲ್ಲೇ ನ್ಯೂಯಾರ್ಕಿನ ಮೆಟ್ ಗಾಲಾ ಸಂಭ್ರಮಕ್ಕೆ ನಟಿ ಡವೈನ್ ಜಾಯ್ ರಾಂಡಾಲ್ಫ್ ಅವರಿಗೆ ಡೆನಿಮ್ಮಿನಲ್ಲಿ ಗೌನು ಮಾಡಿಕೊಟ್ಟರು. ರೋಮಿನ ಕೂಟಕ್ಕೆ ಅಂಗಿಯ ಬಟ್ಟೆಯಲ್ಲಿ. ರೇಷ್ಮೆಯನ್ನೋ ಮಖಮಲ್ಲನ್ನೋ ಹೊರಗಿನಿಂದ ತಂದು ಹೊದಿಸಲಿಲ್ಲ. ಆ ಅಂಗಡಿಯ ಬೀದಿಮಾತನ್ನೇ ಹಿಡಿದು ಅದರಲ್ಲಿ ದೊಡ್ಡ ವೃತ್ತವನ್ನು ಕಟ್ಟಬಹುದೆಂದು ತೋರಿಸಿದರು. ದೇಸಿ ಮಾರ್ಗಗಳ ಬೆಸುಗೆ ಎಂದರೆ ಇದೇ ತಾನೆ? ವೆಸ್ಟ್ ಅವರ ಕಾಲದಲ್ಲಿ ಆಗದಿದ್ದುದು ಇಲ್ಲಿ ಸ್ವಲ್ಪಮಟ್ಟಿಗೆ ಆಗಿದೆಯೆಂದೇ ನನ್ನ ಎಣಿಕೆ. ಅಲ್ಲಿ ಅಂಗಡಿ ತನ್ನ ಮಾತನ್ನು ಬಿಟ್ಟು ಮತ್ತೊಬ್ಬರ ಮಾತನ್ನು ಆಡಲು ಹೋಗಿತ್ತು.

ಆದರೂ ಒಂದು ತೊಡಕು ಉಳಿಯುತ್ತದೆ. ಉನ್ನತ ಫ್ಯಾಷನ್ನಿನ ಬೆಲೆ ಇರುವುದು ಅದು ಎಲ್ಲರಿಗೂ ದೊರೆಯದೆಂಬಲ್ಲಿ. ಗ್ಯಾಪ್‌ನ ಬದುಕು ಇರುವುದು ಎಲ್ಲರಿಗೂ ದೊರೆಯುವುದರಲ್ಲಿ. ರೋಮಿನಲ್ಲಿ ಮೆರೆದದ್ದು ಒಬ್ಬರ ಮೈಯಳತೆಗೆ ಹೊಲಿದ ಉಡುಪು. ೧೫೮ ಡಾಲರಿನದು ಎಸ್, ಎಮ್, ಎಲ್ ಎಂಬ ಅಕ್ಷರಗಳ ಅಳತೆಗೆ ಹೊಲಿದದ್ದು. ಎರಡಕ್ಕೂ ಒಂದೇ ಹೆಸರು. ೨೦೨೫ರಲ್ಲಿ ಗ್ಯಾಪ್‌ಸ್ಟುಡಿಯೊ ಎಂಬ ಬೇರೆ ಹೆಸರಿನಲ್ಲಿ ಪೋಸೆನ್ ಅವರ ಉಡುಪುಗಳನ್ನು ಹೊರತಂದದ್ದು ಈ ತೊಡಕನ್ನು ಅರಿತೇ ಇರಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಜಗತ್ತೆಲ್ಲ ನೋಡಿ ಮೆಚ್ಚಿದ ಗ್ಯಾಪ್‌ನ ಜಾಹೀರಾತಿನಲ್ಲಾದರೋ ಗೌನಿನ ಸುಳಿವಿರಲಿಲ್ಲ. ಕ್ಯಾಟ್ಸ್‌ಐ ಎಂಬ ಗಾಯನ ತಂಡದ ಆರು ತರುಣಿಯರು ಡೆನಿಮ್ ತೊಟ್ಟು ಕುಣಿದಿದ್ದರು, ಅಷ್ಟೆ. ಏಣಿಯ ಮೇಲೆ ನಿಂತವರನ್ನು ತೋರಿಸಿ, ಮಾರುವುದು ಮಾತ್ರ ನೆಲದ ಮೇಲೆ.

ಅಂಗಡಿಯಾಗಿ ಗ್ಯಾಪ್ ನಮ್ಮ ದೇಶಕ್ಕೆ ಬಂದದ್ದು ೨೦೧೫ರಲ್ಲಿ. ಹೊಲಿಗೆಯ ಕೆಲಸವಾಗಿ ಅದು ಬಂದದ್ದು ಬಹಳ ಹಿಂದೆ. ಅದರ ಉಡುಪುಗಳನ್ನು ಹೊಲಿಯುವ ಕಾರ್ಖಾನೆಗಳಲ್ಲಿ ಬೆಂಗಳೂರಿನವೂ ಸೇರಿವೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ. ಈಚೆಗೆ ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನ ಕಡೆ. ಬೆಳಗಿನ ಬಸ್ಸುಗಳಲ್ಲಿ ಊಟದ ಡಬ್ಬಿ ಹಿಡಿದು ಹೊರಟ ಹೆಂಗಸರನ್ನು ಕೇಳಿದರೆ ಯಾವ ವಿದೇಶೀ ಹೆಸರನ್ನೂ ಹೇಳುವುದಿಲ್ಲ; ‘ಗಾರ್ಮೆಂಟ್ಸ್‌ಗೆ’ ಎನ್ನುತ್ತಾರೆ. ೨೦೧೬ರ ಏಪ್ರಿಲ್ ೧೮, ೧೯ರಂದು, ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು ೫೮ ವಯಸ್ಸಿನವರೆಗೆ ತೆಗೆಯಕೂಡದೆಂಬ ಕೇಂದ್ರ ಸರಕಾರದ ನಿಯಮದ ವಿರುದ್ಧ ಇವರು ಸಾವಿರಗಟ್ಟಲೆ ಬೀದಿಗಿಳಿದರು. ಎರಡನೆಯ ದಿನವೇ ನಿಯಮ ರದ್ದಾಯಿತು. ಆ ಹೋರಾಟದ ನಾಯಕಿ ಯಾರೆಂದು ಪತ್ರಿಕೆಗಳವರು ಹುಡುಕಿದರು. ಒಂದು ಹೆಸರೂ ಸಿಕ್ಕಲಿಲ್ಲ.

ನಾನು ಎಂ.ಎ. ಓದುತ್ತಿದ್ದಾಗ ಮೆಜೆಸ್ಟಿಕ್ಕಿನ ಬಳಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಎಂದು ರಫ್ತಿಗೆ ಮಿಕ್ಕ ಅಂಗಿಗಳನ್ನು ರಾಶಿ ಹಾಕಿ ಮಾರುತ್ತಿದ್ದರು. ಕತ್ತಿನ ಪಟ್ಟಿಯನ್ನು ಕತ್ತರಿಸಿಯೇ ಮಾರುವುದು ಪದ್ಧತಿ. ಅಲ್ಲಿ ಕೊಂಡ ಬಿಳಿಯ ಅಂಗಿಯೊಂದನ್ನು ಮೌಖಿಕ ಪರೀಕ್ಷೆಗೂ, ಮೊದಲ ಸಂದರ್ಶನಕ್ಕೂ, ಮದುವೆಯ ಮಾತುಕತೆಗೂ ತೊಟ್ಟಿದ್ದೆ. ಯಾವ ಕಂಪೆನಿಯದೋ ಇಂದಿಗೂ ತಿಳಿಯದು. ಬಟ್ಟೆ ಅದೇ, ಹೊಲಿಗೆ ಅದೇ, ಗುಂಡಿ ಅವೇ. ಎರಡು ಅಂಗುಲದ ಚೂರೊಂದು ಹೋದ ಮಾತ್ರಕ್ಕೆ ಬಡ ವಿದ್ಯಾರ್ಥಿಯ ಕೈಗೆ ಎಟುಕುವ ಬೆಲೆಗೆ ಇಳಿದಿತ್ತು.

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಅಂಕಿತದ ವಿಚಾರ ಹೇಳುವಾಗ ಈ ಪ್ರಸಂಗವನ್ನು ಉದಾಹರಿಸಿದೆ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, ತನ್ನ ತಾಯಿ ಗಾರ್ಮೆಂಟ್ಸ್‌ನಲ್ಲಿ ಲೇಬಲ್ಲು ಕೂರಿಸುವ ಕೆಲಸದಲ್ಲಿದ್ದಾರೆ ಎಂದಳು. ದಿನವಿಡೀ ಅದೊಂದೇ ಕೆಲಸ. ಕಾಲರು ಬೇರೆಯವರದು, ತೋಳು ಬೇರೆಯವರದು, ಕಾಜಾ ಮತ್ತೊಬ್ಬರದು. ಇವರ ಪಾಲಿಗೆ ಬರುವುದು ಕತ್ತಿನ ಒಳಗಿನ ಆ ಚೂರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಮೊದಮೊದಲು ಅಕ್ಷರ ತಲೆಕೆಳಗಾಗಿ ಪೀಸುಗಳು ಹಿಂದಕ್ಕೆ ಬರುತ್ತಿದ್ದುವಂತೆ. ಆಮೇಲೆ ಪ್ರತಿಯೊಂದರ ಆಕಾರವನ್ನೂ ಗುರುತಿಟ್ಟುಕೊಂಡರಂತೆ.

‘ಹೆಸರು ಬದಲಾದರೆ ಕಷ್ಟವಾಗುವುದಿಲ್ಲವೇನಮ್ಮ?’ ಎಂದು ಕೇಳಿದೆ.

‘ಹೆಸರು ಯಾವುದಾದರೂ ಪರವಾಗಿಲ್ವಂತೆ ಸಾರ್. ಅಳತೆ ಬದಲಾದರೇ ಕಷ್ಟ. ಕೈ ಮತ್ತೆ ಕಲೀಬೇಕು ಅಂತಾರೆ ನಮ್ಮಮ್ಮ’ ಎಂದಳು.