ಕಡಲಿಲ್ಲದ ದ್ವೀಪ

ಬಸವಕಲ್ಯಾಣ, ಹುಮನಾಬಾದುಗಳ ಕಡೆಯ ಮನೆಗಳಲ್ಲಿ ಪ್ರಯಾಣಕ್ಕೆ ಯಾವಾಗಲೂ ಒಂದು ಕಾರಣ ಬೇಕು. ತುಳಜಾಪುರದ ಭವಾನಿಗೆ ಹರಕೆ, ಪಂಢರಪುರದ ಏಕಾದಶಿ, ಶ್ರೀಶೈಲದ ಪರಿಷೆ, ಇವು ಯಾತ್ರೆಗಳು. ಸೊಲ್ಲಾಪುರದ ಆಸ್ಪತ್ರೆ, ಹೈದರಾಬಾದಿನ ಮದುವೆ ಜವಳಿ, ಕಲಬುರಗಿಯ ಕಚೇರಿ, ಇವು ಕೆಲಸಗಳು. ಇವೆರಡರ ನಡುವೆ, ಹರಕೆಯೂ ಇಲ್ಲದೆ ಕೆಲಸವೂ ಇಲ್ಲದೆ, ನಾಲ್ಕು ಗಿಡ ನೋಡಿ ನಾಲ್ಕು ಹೆಜ್ಜೆ ನಡೆದು ಬರಲೆಂದು ಹಣ ವೆಚ್ಚ ಮಾಡಿ ಹೊರಡುವುದೆಂದರೆ ನೆರೆಹೊರೆಯವರಿಗೆ ಹೇಳಿಕೊಳ್ಳಲೂ ಸಂಕೋಚ. “ಯಾವ ದೇವರಿಗೆ ಹೊಂಟೀರಿ?” ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಯಾತ್ರೆ ಗೊತ್ತಿರುವಷ್ಟು ವಿಹಾರ ನಮ್ಮ ಜನಕ್ಕೆ ಇನ್ನೂ ಗೊತ್ತಿಲ್ಲ.

ಹುಮನಾಬಾದಿನ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಅಂಥ ಮನೆಗಳು ಆ ಊರಿನಲ್ಲಿ ಹತ್ತಾರು ಇದ್ದಾವು. ಯಜಮಾನರು ಪ್ರೌಢಶಾಲೆಯ ಅಧ್ಯಾಪಕರು. ಊರಾಚೆ ಕೆಲವು ಎಕರೆ ತೊಗರಿ ಹೊಲ. ಗೃಹಿಣಿಯ ತವರು ಬಸವಕಲ್ಯಾಣ. ಮಗ ಎಂಜಿನಿಯರಿಂಗಿನ ಕೊನೆಯ ವರ್ಷದವನು. ಬರುವ ಜೂನಿಗೆ ಪುಣೆಗೋ ಹೈದರಾಬಾದಿಗೋ ನೌಕರಿಗೆ ಹೊರಡುವವನು. ಮಗಳು ಎಂಟನೆಯ ತರಗತಿ. ಇವರೆಲ್ಲರಿಗಿಂತ ಹಿರಿಯರು ಆಯಿ. ಎಪ್ಪತ್ತು ದಾಟಿದ ವಯಸ್ಸು, ಬಲಮೊಣಕಾಲಿನ ನೋವು. ಐವರೂ ಒಟ್ಟಿಗೆ ಒಂದು ವಾರ ಹೊರಗೆ ಕಳೆದುದು ಈವರೆಗೆ ಇಲ್ಲ. ಮಗ ನೌಕರಿಗೆ ಹೋದ ಮೇಲೆ ಅಂಥ ವಾರ ಸಿಗುವುದೂ ಸುಲಭವಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಎಲ್ಲರಿಗೂ ತಿಳಿದಿತ್ತು.

ಚೀಟಿಯ ಹಣ ಕೈಗೆ ಬಂದಾಗ ಮಗನು ದ್ವೀಪದ ಮಾತೆತ್ತಿದನು. ಅಂಡಮಾನಿನ ಚಿತ್ರಗಳು ಅವನ ಫೋನಿನಲ್ಲಿದ್ದುವು: ನೀಲಿ ನೀರು, ಬಿಳಿ ಮರಳು, ಕಾಡಿನ ನಡುವಣ ಕಾಲುದಾರಿ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿಗೆ ವಿಮಾನದಲ್ಲಿ ಹೋಗಬೇಕು, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ. ತಂದೆಯವರು ಲೆಕ್ಕದ ಪುಸ್ತಕ ತೆರೆದರು. ಐವರ ವಿಮಾನದ ಟಿಕೆಟ್ಟಿಗೇ ಚೀಟಿಯ ಹಣ ಮುಗಿಯುವಂತಿತ್ತು. ನಾಲ್ವರಾದರೆ ಹೇಗೋ ಆದೀತು. ಆ ನಾಲ್ವರಾರೆಂದು ಯಾರೂ ಕೇಳುವ ಮೊದಲೇ ಆಯಿ ಉತ್ತರ ಕೊಟ್ಟುಬಿಟ್ಟರು: “ಸಮುದ್ರ ನೋಡಿ ನಾ ಏನ್ ಮಾಡ್ಲಿ? ನೀವು ಹೋಗಿ ಬರ್ರಿ. ನಾ ಎಂಟು ದಿನ ಕಲ್ಯಾಣದಾಗ ಇರ್ತೀನಿ.”

ಹಿರಿಯರು ತಾವಾಗಿಯೇ ಹಿಂದೆ ಸರಿದಾಗ ಕಿರಿಯರಿಗೆ ಆಗುವ ಸಮಾಧಾನವಿದೆಯಲ್ಲ, ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಆ ರಾತ್ರಿಯ ಊಟದಲ್ಲಿ ದ್ವೀಪದ ಮಾತು ಮತ್ತೆ ಬರಲಿಲ್ಲ.

ಎರಡು ದಿನಗಳ ತರುವಾಯ ಗೃಹಿಣಿ ಕೇಳಿದ ಪ್ರಶ್ನೆ ಸರಳವಾದುದು. “ಏನ್ರೀ, ದ್ವೀಪ ಅಂದ್ರ ಸಮುದ್ರನೇ ಇರಬೇಕೇನು?” ಮಗಳು ತನ್ನ ಭೂಗೋಳ ಪುಸ್ತಕದಿಂದ ತೀರ್ಪು ಕೊಟ್ಟಳು: ನಾಲ್ಕೂ ಕಡೆ ನೀರು ಸುತ್ತುವರಿದ ನೆಲವೇ ದ್ವೀಪ, ನೀರು ಉಪ್ಪಾಗಿರಬೇಕೆಂಬ ನಿಯಮವಿಲ್ಲ.

ಹಾಗೆ ನೋಡಿದರೆ ಕನ್ನಡ ನಾಡಿನ ದ್ವೀಪ ಮಲ್ಪೆಯ ಕಡಲಿನಲ್ಲಿ ಮಾತ್ರ ಇಲ್ಲ. ಕಾವೇರಿಯು ಮೂರೆಡೆ ಎರಡಾಗಿ ಕವಲೊಡೆದು ಮತ್ತೆ ಕೂಡಿ ಮೂರು ನಡುಗಡ್ಡೆಗಳನ್ನು ಮಾಡಿದೆ. ಮೂರರಲ್ಲಿಯೂ ರಂಗನಾಥನು ಮಲಗಿದ್ದಾನೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಇವುಗಳಲ್ಲಿ ಮೊದಲನೆಯದು ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ. ತೋಟವೂ ಉಂಟು, ಸಮೀಪದಲ್ಲಿ ಬೆಟ್ಟವೂ ಉಂಟು. ಆಯಿಗೆ ದೇವರೂ ಉಂಟು. ನೆರೆಯವರ ಪ್ರಶ್ನೆಗೆ ಉತ್ತರವೂ ಸಿಕ್ಕಿತು!

ಮಗನ ಮುಖ ಬಾಡಿತು. ಶ್ರೀರಂಗಪಟ್ಟಣವೆಂದರೆ ಶಾಲೆಯ ಪ್ರವಾಸ, ಗಡಿಬಿಡಿಯಲ್ಲಿ ಅರ್ಧ ದಿನ, ಬಸ್ಸಿನ ಕಿಟಕಿಯಲ್ಲಿ ವಾಂತಿ ಎಂಬ ಕಲ್ಪನೆ ಅವನದು. ತಪ್ಪೆನ್ನುವಂತಿಲ್ಲ, ಆ ಊರಿಗೆ ಹೋಗುವವರಲ್ಲಿ ಹೆಚ್ಚಿನವರು ಮೈಸೂರಿನ ದಾರಿಯಲ್ಲಿ ಎರಡು ಗಂಟೆ ಇಳಿದು ಹೋಗುವವರೇ. ಆದರೆ ಅದೇ ನಡುಗಡ್ಡೆಯಲ್ಲಿ ಮೂರು ದಿನ ತಂಗಿ, ತೋಟದಿಂದ ತೋಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಕಾಣುವ ಊರು ಬೇರೆ.

ತೋಟಗಳಲ್ಲಿ ಮೊದಲು ಹೇಳಬೇಕಾದುದು ದರಿಯಾ ದೌಲತ್ ಬಾಗ್. 1784ರಲ್ಲಿ ಟಿಪ್ಪು ಸುಲ್ತಾನನು ನದಿಯ ದಡದ ತೋಟದಲ್ಲಿ ಕಟ್ಟಿಸಿದ ತೇಗದ ಮರದ ಅರಮನೆ ಅದು. ಗೋಡೆಯ ತುಂಬ ಚಿತ್ರಗಳು. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರನೂ ಟಿಪ್ಪುವೂ ಇಂಗ್ಲಿಷರನ್ನು ಸೋಲಿಸಿದ ಪ್ರಸಂಗವು ಪಶ್ಚಿಮದ ಗೋಡೆಯಲ್ಲಿದೆ. ಅಲ್ಲಿ ನಿಂತು ನೋಡುವವರು ಚಿತ್ರಕ್ಕೆ ಬೆನ್ನು ತಿರುಗಿಸಿ ತೋಟವನ್ನೂ ಒಮ್ಮೆ ನೋಡಬೇಕು. ಅರಮನೆಯನ್ನು ತೋಟಕ್ಕಾಗಿ ಕಟ್ಟಿದುದೇ ಹೊರತು ತೋಟವನ್ನು ಅರಮನೆಗಾಗಿ ಬೆಳೆಸಿದುದಲ್ಲವೆಂಬುದು ಆಗ ತಿಳಿಯುತ್ತದೆ. ‘ದರಿಯಾ’ ಎಂಬ ಮಾತಿಗೆ ಬೀದರ ಜಿಲ್ಲೆಯವರು ನಿಘಂಟು ನೋಡಬೇಕಾಗಿಲ್ಲ. “ಸಮುದ್ರದ ಸಂಪತ್ತು ಅಂತ ಹೆಸರೇ ಅದ. ನಿನಗ ಇನ್ನೆಂಥ ಸಮುದ್ರ ಬೇಕು?” ಎಂದು ಆಯಿ ಮೊಮ್ಮಗನನ್ನು ಛೇಡಿಸಿದರು.

ನಡುಗಡ್ಡೆಯ ಪೂರ್ವದ ತುದಿಗೆ ಲಾಲ್‌ಬಾಗ್. ಬೆಂಗಳೂರಿನ ಲಾಲ್‌ಬಾಗಿನ ಹೆಸರನ್ನೇ ಹೊತ್ತ ಈ ತೋಟದ ನಡುವೆ ಹೈದರಾಲಿ, ಅವನ ಪತ್ನಿ ಮತ್ತು ಟಿಪ್ಪು ಮಲಗಿರುವ ಗುಂಬಜ್ ಇದೆ. ಸುತ್ತ ನುಣುಪಾದ ಕರಿಗಲ್ಲಿನ ಕಂಬಗಳು. ಒಂದು ಕಾಲಕ್ಕೆ ಇಲ್ಲಿ ಎತ್ತರದ ಸೈಪ್ರೆಸ್ ಮರಗಳ ಸಾಲುಗಳು ನೆರಳು ಕೊಡುತ್ತಿದ್ದುವು. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಡುಗಡ್ಡೆಗೆ ನುಗ್ಗಿ ಕೋಟೆಗೆ ಮುತ್ತಿಗೆ ಹಾಕಿದಾಗ ಆ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿದರು. ತೋಟದಲ್ಲಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಮುಂದೆ ಆ ಅರಮನೆಯನ್ನು ಕೆಡವಿ, ಅದರ ತೊಲೆಗಳನ್ನು ನೀಲಗಿರಿಯ ಮೇಲಕ್ಕೆ ಸಾಗಿಸಿದರು. ಉದಕಮಂಡಲದ ಸೇಂಟ್ ಸ್ಟೀಫನ್ ಇಗರ್ಜಿಯ ಚಾವಣಿಯಲ್ಲಿ ಅವು ಈಗಲೂ ಇವೆ. ಒಂದು ತೋಟದ ಚರಿತ್ರೆ ಇಷ್ಟು ದೂರ ಹರಿದೀತೆಂದು ಯಾರು ಎಣಿಸಿಯಾರು?

ಇಲ್ಲಿ ಕಲ್ಯಾಣ, ಹುಮನಾಬಾದಿನವರು ನೆನೆಯಬೇಕಾದ ಇನ್ನೊಂದು ಮಾತುಂಟು. ಆ ಕಾಲದಲ್ಲಿ ಈ ಊರುಗಳು ನಿಜಾಮನ ರಾಜ್ಯಕ್ಕೆ ಸೇರಿದ್ದುವು. 1792ರಲ್ಲಿಯೂ ಟಿಪ್ಪು ಮಡಿದ 1799ರಲ್ಲಿಯೂ ನಿಜಾಮನ ಸೈನ್ಯ ಇಂಗ್ಲಿಷರ ಜೊತೆಗೂಡಿ ಶ್ರೀರಂಗಪಟ್ಟಣದ ಮೇಲೆ ಹೋಗಿತ್ತು. ಈ ಕಡೆಯ ಕುದುರೆಗಳು ಕಾವೇರಿಯ ನೀರು ಕುಡಿದುದು ಹಾಗೆ. ಈಗ ಹೋಗುವವರು ಟಿಕೆಟ್ಟು ಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ; ಅಷ್ಟರಮಟ್ಟಿಗೆ ಕಾಲ ಸುಧಾರಿಸಿದೆ.

ಮೂರನೆಯ ತೋಟ ನಡುಗಡ್ಡೆಯ ಹೊರಗಿನದು: ಕೃಷ್ಣರಾಜಸಾಗರದ ಬೃಂದಾವನ. 1927ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಆರಂಭವಾಗಿ 1932ರಲ್ಲಿ ಮುಗಿದ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅರವತ್ತು ಎಕರೆಯ ತೋಟ. ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ತೋಟಗಳನ್ನು ರೂಪಿಸಿದ ಕ್ರುಂಬಿಗಲ್ಲರ ಕೈ ಇದರಲ್ಲಿಯೂ ಇದೆ. ಸಂಜೆಯ ದೀಪ, ಕಾರಂಜಿಗಳಿಗಾಗಿ ಜನ ಮುತ್ತುತ್ತಾರೆ. ಗಿಡಗಳನ್ನೇ ನೋಡಬೇಕೆನ್ನುವವರು ಮಧ್ಯಾಹ್ನದ ಬಿಸಿಲಿಳಿಯುತ್ತಲೇ ಒಳಗಿರುವುದು ಲೇಸು. ಸಂಗೀತದ ಕಾರಂಜಿ ತೋಟದ ಆ ತುದಿಗಿದೆಯೆಂಬುದನ್ನೂ, ಹೋದಷ್ಟೇ ದೂರ ಮರಳಿ ನಡೆಯಬೇಕೆಂಬುದನ್ನೂ ಮೊಣಕಾಲು ನೋವಿನವರು ಮೊದಲೇ ಎಣಿಸಿಕೊಳ್ಳಬೇಕು.

ಇನ್ನು ನಡಿಗೆಯ ಮಾತು. ಮಗನ ಮುಖ ಮರಳಿ ಅರಳಿದುದು ಇಲ್ಲಿಯೇ. ನಡುಗಡ್ಡೆಗೆ ಎದುರಾಗಿ, ಲೋಕಪಾವನಿ ನದಿ ಕಾವೇರಿಯನ್ನು ಸೇರುವ ಬಳಿ ಕರಿಘಟ್ಟವಿದೆ. ಮೇಲೆ ವೆಂಕಟರಮಣನ ಗುಡಿ. ಅಲ್ಲಿಂದ ಕೆಳಗೆ ನೋಡಿದರೆ ನದಿ, ಗದ್ದೆ, ತೋಟಗಳೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತವೆ. ಮೆಟ್ಟಿಲ ದಾರಿಯೂ ಉಂಟು, ವಾಹನದ ದಾರಿಯೂ ಉಂಟು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಅರ್ಧಕ್ಕಿಂತ ಮೇಲೆ ಸಿಗುವ ದೊಡ್ಡ ನಂದಿಯ ಬಳಿಗೂ ರಸ್ತೆ ಬರುತ್ತದೆ. ಪಾಂಡವಪುರದ ಕುಂತಿಬೆಟ್ಟವು ಬರಿಯ ಬಂಡೆ. ಅದು ಬಲಿತ ಕಾಲಿನವರಿಗೆ, ಅದೂ ಅರಣ್ಯ ಇಲಾಖೆಯ ನಿಯಮಗಳನ್ನು ವಿಚಾರಿಸಿಕೊಂಡ ಮೇಲೆ. ಹೀಗಾಗಿ ಏರುವವರು ಏರಬಹುದು, ಏರಲಾರದವರು ವಾಹನದಲ್ಲಿ ಹೋಗಿ ಕಾದಿರಬಹುದು. ಆಯಿಯವರು ಕಾಯುವ ಜಾಗ ನಂದಿಯ ಬುಡವೆಂದು ಗೊತ್ತಾಯಿತು.

ಆದರೆ ಮೊಣಕಾಲಿನ ಶಕ್ತಿಯೆಷ್ಟು? ಇದನ್ನು ಊಹೆಗೆ ಬಿಡದೆ ಗೃಹಿಣಿ ಪರೀಕ್ಷಿಸಿದರು. ಭಾನುವಾರ ಐವರೂ ಬಸವಕಲ್ಯಾಣಕ್ಕೆ ಹೋಗಿ ಕೋಟೆಯನ್ನು ಸುತ್ತಿದರು; ತರುವಾಯ ತ್ರಿಪುರಾಂತದ ಕೆರೆಯ ದಡದಲ್ಲಿ ನಡೆದರು. ಮುಂದಿನ ವಾರ ಹುಮನಾಬಾದಿನ ಬಳಿಯ ಜಲಸಂಗ್ವಿಗೆ ಹೋಗಿ, ಅಲ್ಲಿನ ಚಾಲುಕ್ಯರ ಗುಡಿಯಲ್ಲಿ ವಿಕ್ರಮಾದಿತ್ಯನ ಹೆಸರನ್ನು ಬರೆಯುತ್ತ ನಿಂತಿರುವ ಶಿಲಾಬಾಲಿಕೆಯನ್ನು ನೋಡಿ ಬಂದರು. ಆ ವಿಕ್ರಮಾದಿತ್ಯನ ಆಸ್ಥಾನವನ್ನು ಅರಸಿ ಬಿಲ್ಹಣ ಕವಿಯು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದಿದ್ದನಂತೆ. ಹತ್ತು ಮೈಲಿಯೊಳಗಿನ ಈ ಸೊಬಗನ್ನು ಮಕ್ಕಳು ಮೊದಲ ಬಾರಿ ಕಂಡುದು ಶ್ರೀರಂಗಪಟ್ಟಣದ ಪೂರ್ವಾಭ್ಯಾಸದ ನೆಪದಲ್ಲಿ. ಫಲಿತಾಂಶವೆಂದರೆ, ಸಮನೆಲದಲ್ಲಿ ಆಯಿ ಅರ್ಧ ಗಂಟೆ ನಿಲ್ಲದೆ ನಡೆಯಬಲ್ಲರು. ಹತ್ತುವುದಕ್ಕಿಂತ ಇಳಿಯುವುದು ಅವರಿಗೆ ಕಷ್ಟ. ಯೋಜನೆಯನ್ನು ಹಾಗೆಯೇ ತಿದ್ದಿದರು: ದಿನಕ್ಕೆ ಒಂದೇ ತೋಟ, ಬೆಳಗಿನ ತಂಪಿನಲ್ಲಿ ನಡಿಗೆ, ಮಧ್ಯಾಹ್ನ ಕಡ್ಡಾಯವಾಗಿ ವಿಶ್ರಾಂತಿ.

ಕಾಲವನ್ನು ಆರಿಸುವುದರಲ್ಲಿ ಎರಡು ಸಂಜೆ ಕಳೆದುವು. ದಸರೆಯ ರಜೆಯಲ್ಲಿ ಮೈಸೂರಿನ ಸುತ್ತ ಕೊಠಡಿ ಸಿಗುವುದೇ ದುರ್ಲಭ. ಬೇಸಗೆಯ ರಜೆಯಲ್ಲಿ ಬಿಸಿಲು; ಬೀದರದ ಬಿಸಿಲಿನಿಂದ ಹೊರಟವರು ಬೇರೊಂದು ಬಿಸಿಲಿಗೆ ಹೋಗುವುದೇಕೆ? ಮಳೆಗಾಲದಲ್ಲಿ ಹೊಳೆ ತುಂಬಿದರೆ ರಂಗನತಿಟ್ಟಿನ ದೋಣಿಗಳು ನಿಲ್ಲುತ್ತವೆ. ಆ ರಂಗನತಿಟ್ಟನ್ನಂತೂ ಬಿಡುವಂತಿಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ಹುಟ್ಟಿದ ಪುಟ್ಟ ಪುಟ್ಟ ದ್ವೀಪಗಳು ಅವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಒಂದು ದ್ವೀಪಕ್ಕೆ ಹೋದವರಿಗೆ ಹಲವು ದ್ವೀಪಗಳ ಲಾಭ! ಚಳಿಗಾಲದ ಕೊನೆಗೆ ಕೊಕ್ಕರೆಗಳು ಗೂಡು ಕಟ್ಟತೊಡಗುತ್ತವೆ; ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತಿರುತ್ತವೆ. ಜನವರಿಯಲ್ಲಿ ಹೊರಡೋಣವೆಂದರೆ ತೊಗರಿಯ ರಾಶಿ, ಅದರ ಬೆನ್ನಿಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಕೊನೆಗೆ ಫೆಬ್ರುವರಿಯ ಮೊದಲ ವಾರ ನಿಶ್ಚಯವಾಯಿತು. ಮಗಳಿಗೆ ಶಾಲೆ ನಾಲ್ಕು ದಿನ ತಪ್ಪುತ್ತದೆ. ಅಧ್ಯಾಪಕರಾದ ತಂದೆ ಇದಕ್ಕೆ ಒಪ್ಪಿದುದೇ ಆಶ್ಚರ್ಯ.

ಹುಮನಾಬಾದಿನಿಂದ ಕಲಬುರಗಿಗೆ ರೈಲು ಬಂದುದು 2017ರಲ್ಲಿ, ಬೀದರ–ಕಲಬುರಗಿ ಮಾರ್ಗ ತೆರೆದ ಮೇಲೆ. ಕಲಬುರಗಿಯವರೆಗೆ ಆ ಗಾಡಿ. ಅಲ್ಲಿಂದ ಮೈಸೂರಿನವರೆಗೆ ಬಸವ ಎಕ್ಸ್‌ಪ್ರೆಸ್. ಕಾರಂಜಾ ಹೊಳೆಯ ನೀರು ಮಾಂಜರಾ ಸೇರಿ ಗೋದಾವರಿಗೆ ಹೋಗುವ ನೆಲದಿಂದ ಹೊರಟವರು ಭೀಮಾ, ಕೃಷ್ಣಾ, ತುಂಗಭದ್ರೆಗಳನ್ನು ದಾಟಿ ಕಾವೇರಿಯನ್ನು ಮುಟ್ಟುತ್ತಾರೆ. ರಾತ್ರಿಯ ಗಾಡಿಯಾದುದರಿಂದ ನದಿಗಳ ಗುರುತು ಸೇತುವೆಯ ಸದ್ದಿನಿಂದಲೇ ಸಿಗಬೇಕು. ಮಗಳು ಎಚ್ಚರವಿದ್ದು ಎಣಿಸುವೆನೆಂದು ಹೇಳಿದ್ದಾಳೆ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ; ಇದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಕಾಯ್ದಿರಿಸುವಿಕೆ ಅರವತ್ತು ದಿನ ಮೊದಲು ತೆರೆಯುವುದರಿಂದ ಡಿಸೆಂಬರಿನ ಒಂದು ಬೆಳಗ್ಗೆ ಮಗನು ಎಂಟು ಗಂಟೆಗೆ ಮೊದಲೇ ಫೋನು ಹಿಡಿದು ಕುಳಿತನು. ಐದು ಟಿಕೆಟ್ಟುಗಳು; ಆಯಿಗೆ ಕೆಳಗಿನ ಬರ್ತು. ಸಂಗಮದಲ್ಲಿ ಕಳೆಯಬೇಕಾದುದು ಮೊದಲ ಸಂಜೆಯೋ ಕೊನೆಯ ಸಂಜೆಯೋ ಎಂಬ ವಾದ ಮಾತ್ರ ಇನ್ನೂ ತೀರಿಲ್ಲ. ಮೊದಲ ದಿನವೇ ಮಿಂದರೆ ಆಮೇಲೆ ತೋಟಗಳನ್ನು ನಿಶ್ಚಿಂತೆಯಾಗಿ ನೋಡಬಹುದೆಂದು ಆಯಿ ಅನ್ನುತ್ತಾರೆ.