ಲಿಸ್ಟ್ ಹಾಕ್ರಿ, ಆದ್ರ ಹೆಸರು ಬಿಡಬ್ಯಾಡ್ರಿ

ಸ್ವಲ್ಪ ಉದ್ದ ಆಗೇತಿ, ಪುರುಸೊತ್ತಿದ್ದಾಗ ಓದ್ರಿ.

ನಮ್ಮ ಭಾಗದ ಹುಡುಗರದೊಂದು ವಾಟ್ಸಾಪ್ ಗ್ರೂಪ್ ಐತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕಿನವರು ಅದಾರ. ಬಹಳಷ್ಟು ಮಂದಿ ನಮ್ಮ ಕೇರಿಗಳ ಹುಡುಗರೇ. ಬೆಳಗಾವಿ, ಕೊಲ್ಲಾಪುರ, ಪುಣೆದಾಗ ಓದೋರು, ದುಡಿಯೋರು. ಜಯಂತಿ ಮೆರವಣಿಗೆ ಸಲುವಾಗಿ ಮಾಡಿದ್ದ ಗ್ರೂಪ್ ಅದು. ಹೋದ ವಾರ ಒಬ್ಬ ‘ನಿಮ್ಮ ಟಾಪ್ ಹತ್ತು ರಾಕ್ ಆಲ್ಬಮ್ ಹಾಕ್ರಿ’ ಅಂದ. ಸುರು ಆತು ನೋಡ್ರಿ. ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಜಿಮಿ ಹೆಂಡ್ರಿಕ್ಸ್, ಲೆಡ್ ಝೆಪ್ಲಿನ್... ರಾತ್ರಿ ಒಂದರ ತನಕ ನಡೀತು.

ಮರುದಿನ ಹಿರಿಯ ಸಂಗಾತಿಯೊಬ್ಬರು ಫೋನ್ ಮಾಡಿದರು. ‘ಏನ್ರೀ ಇದು, ವಾಮನದಾದಾನ್ನ ಬಿಟ್ಟು ಬಿಳಿಯರ ಗದ್ದಲ ಕೇಳ್ಕೋತ ಕುಂತಾರಲ್ಲ ಹುಡುಗ್ರು. ನೀವರೆ ಒಂದು ಮಾತು ಹೇಳಬಾರದಾ?’

ನಾನು ಬೈಯಲಿಲ್ಲ. ಬೈಯೋದೂ ಇಲ್ಲ. ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು. ಯಾವ ವಾದ್ಯ ಯಾರ ಕೈಯಾಗ ಇರಬೇಕು ಅಂತ ಜಾತಿ ಹೇಳ್ತದ. ಅದನ್ನೇ ನಾವೂ ಹೇಳಿದರೆ ಹೆಂಗ? ಹುಡುಗರು ಏನು ಬೇಕಾದರೂ ಕೇಳಲಿ. ನನ್ನ ತಕರಾರು ಒಂದೇ: ಕೇಳಿದ ಹಾಡು ಯಾರದು ಅಂತ ಕೇಳೋದಿಲ್ಲ ಅವರು.

ಆ ಲಿಸ್ಟುಗಳಲ್ಲಿ ಮತ್ತೆ ಮತ್ತೆ ಬಂದದ್ದು ಲೆಡ್ ಝೆಪ್ಲಿನ್ ತಂಡದ ನಾಲ್ಕನೇ ಆಲ್ಬಮ್, 1971ರದು. ಅದರ ಕಡೇ ಹಾಡು ‘ವೆನ್ ದ ಲೆವೀ ಬ್ರೇಕ್ಸ್’. ಅಂದ್ರ, ನದಿಯ ಒಡ್ಡು ಒಡೆದಾಗ. ನಮ್ಮ ಅಕ್ಕನ ಮಗ ಇಯರ್‌ಫೋನ್ ನನ್ನ ಕಿವಿಗೆ ಹಚ್ಚಿ, ‘ಮಾಮಾ, ಡ್ರಮ್ ಅಷ್ಟ ಕೇಳ್ರಿ’ ಅಂದ. ಹಳೇ ಬಂಗಲೆಯೊಂದರ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೇಲಿಂದ ಮೈಕು ಇಳಿಬಿಟ್ಟು ರೆಕಾರ್ಡ್ ಮಾಡಿದ್ದಂತ. ಖರೇನ ಎದಿ ನಡುಗಿತು.

‘ಚಲೋ ಐತಿ ತಮ್ಮಾ. ಆದ್ರ ಇದು ಯಾವ ಊರಿನ ನೆರೆ?’ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

1927ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿ ಒಡ್ಡು ಒಡೆದು ಊರೂರೇ ಮುಳುಗಿಸಿತು. ಗ್ರೀನ್‌ವಿಲ್ ಎಂಬ ಊರಲ್ಲಿ ಬಿಳಿಯರನ್ನು ಹಡಗು ಹತ್ತಿಸಿ ಕಳಿಸಿದರು. ಕಪ್ಪು ಜನರನ್ನು ಒಡ್ಡಿನ ಮೇಲೆಯೇ ಉಳಿಸಿಕೊಂಡು ಬಂದೂಕಿನ ಕಾವಲಿನಲ್ಲಿ ದುಡಿಸಿದರು. ಕೂಲಿಯವರು ಊರು ಬಿಟ್ಟು ಹೋದರೆ ಮುಂದೆ ಹತ್ತಿ ಬಿಡಿಸೋರು ಯಾರು ಅನ್ನೋ ಚಿಂತೆ ಹೊಲದ ಮಾಲೀಕರಿಗೆ. ಅದೇ ವರ್ಷದ ಮಾರ್ಚ್ 20ಕ್ಕೆ ಇಲ್ಲಿ ಮಹಾಡದಲ್ಲಿ ನಮ್ಮವರು ಒಂದು ಬೊಗಸೆ ಕೆರೆ ನೀರಿಗಾಗಿ ನಡೆದಿದ್ದರು.

1929ರಲ್ಲಿ ಮೆಂಫಿಸ್ ಮಿನ್ನಿ ಎಂಬ ಕಪ್ಪು ಹೆಣ್ಣುಮಗಳು ಮತ್ತು ಆಕೆಯ ಗಂಡ ಕಾನ್ಸಸ್ ಜೋ ಮೆಕಾಯ್ ಆ ನೆರೆಯ ಮೇಲೆ ಈ ಹಾಡು ರೆಕಾರ್ಡ್ ಮಾಡಿದರು. ದನಿ ಆತನದು, ಗಿಟಾರು ಇಬ್ಬರದೂ. 42 ವರ್ಷದ ಮೇಲೆ ಝೆಪ್ಲಿನ್ ತಂಡ ಅದನ್ನ ಎತ್ತಿಕೊಂಡಾಗ ತಮ್ಮ ನಾಲ್ಕು ಹೆಸರಿನ ಜೊತೆ ಮಿನ್ನಿಯ ಹೆಸರು ಹಾಕಿತು, ಜೋನ ಹೆಸರು ಬಿಟ್ಟಿತು. ಅವರದೇ ‘ಹೋಲ್ ಲಾಟಾ ಲವ್’ ಹಾಡಿನಲ್ಲಂತೂ ವಿಲ್ಲಿ ಡಿಕ್ಸನ್ ಎಂಬ ಕಪ್ಪು ಕವಿಯ ಹೆಸರೇ ಇರಲಿಲ್ಲ. ಆತ 1985ರಲ್ಲಿ ಕೋರ್ಟಿಗೆ ಹೋದ ಮೇಲೆ ರಾಜಿ ಆತು, ಹೆಸರೂ ಬಂತು. ಕೇಳಿದವರು ಇದ್ದರು, ಅದಕ್ಕೇ ಹೆಸರು ಬಂತು.

ಈಗ ನಮ್ಮ ನೆರೆಗೆ ಬರೋಣ.

2019ರ ಆಗಸ್ಟ್ ಯಾರೂ ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಗೇ ಏರಿದವು. ಕೇರಿ ಎಲ್ಲಿರ್ತದ ಅಂತ ನಿಮಗ ಹೇಳಬೇಕಾಗಿಲ್ಲ, ಊರಿನ ತಗ್ಗಿನಾಗ. ನೀರು ಮೊದಲು ನಮ್ಮ ಕದಾ ಬಡೀತು. ಶಾಲೆಯೊಂದರ ಖೋಲಿಯಲ್ಲಿ ಹತ್ತು ಮನೆಯವರು ಮಲಗಿದ್ದಿವಿ. ಕರೆಂಟ್ ಇಲ್ಲ. ನಡುರಾತ್ರಿ ನಮ್ಮ ದೊಡ್ಡವ್ವ ಹಾಡಾಕ ಚಾಲೂ ಮಾಡಿದಳು. ಹರೇದಾಗಿಂದ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ದುಡಿದಾಕಿ. ಬೀಸುಕಲ್ಲಿನ ಧಾಟಿ, ಅರ್ಧ ಕನ್ನಡ ಅರ್ಧ ಮರಾಠಿ. ತೇಲಿ ಹೋದ ಎಮ್ಮಿ ಬಂತು, ನೆನೆದ ಕೌದಿ ಬಂತು, ತಲಿ ಮ್ಯಾಲೆ ಹೊತ್ಕೊಂಡು ಬಂದ ಬಾಬಾಸಾಹೇಬರ ಫೋಟೋ ಬಂತು. ಅಳತಿದ್ದ ಕೂಸುಗಳೂ ಸುಮ್ಮನಾದವು.

ನನ್ನ ಕೈಯಾಗ ಫೋನ್ ಇತ್ತು. ಮರುದಿನ ಬಿದ್ದ ಗೋಡೆಯ ಫೋಟೋ ತೆಗೀಬೇಕು, ಪಂಚನಾಮೆಗೆ ಬೇಕಾಗ್ತದ ಅಂತ ಚಾರ್ಜ್ ಉಳಿಸಿದೆ. ಹಾಡು ರೆಕಾರ್ಡ್ ಮಾಡಲಿಲ್ಲ. ‘ಆಮೇಲೆ ಮಾಡಿದ್ರಾತು’ ಅಂದೆ. 2021ರಲ್ಲಿ ದೊಡ್ಡವ್ವ ತೀರಿಕೊಂಡಳು. ಎರಡು ಸಾಲು ನೆನಪಿನಾಗ ಅದಾವ, ಮುಂದಿನದು ಬರವಲ್ದು. ಗೋಡೆಯ ಫೋಟೋ ಇನ್ನೂ ಫೋನಿನಾಗ ಐತಿ.

ಮಿನ್ನಿಯ ನೆರೆ ಅರಗಿನ ತಟ್ಟೆಯ ಮೇಲೆ ಉಳಿದು ನಮ್ಮ ಚಿಕ್ಕೋಡಿ ಹುಡುಗನ ಕಿವಿಗೆ ಬಂತು. ನಮ್ಮ ನೆರೆ ನಮ್ಮ ಮನೆಯಾಗೂ ಉಳೀಲಿಲ್ಲ. ಇದಕ್ಕೆ ನಾನು ಯಾರನ್ನ ಬೈಲಿ? ನನ್ನನ್ನೇ ಬೈಕೋಬೇಕು.

ಇನ್ನೊಂದು ಮಾತು, ಹಲಗಿಯದು. ನಮ್ಮಜ್ಜ ಊರ ಹಲಗಿ ಬಾರಿಸುತ್ತಿದ್ದ. ಜಾತ್ರಿಗೆ, ಹೆಣಕ್ಕ, ಡಂಗುರಕ್ಕ. ಕೂಲಿ ಇಲ್ಲ, ಗುಡಿಯೊಳಗ ಪ್ರವೇಶ ಇಲ್ಲ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಪರಿಷತ್ತಿಗೆ ಬಂದು ಹೋದ ಮಾತನ್ನ ಹಿರಿಯರ ಬಾಯಿಂದ ಕೇಳಿ ಬೆಳೆದವ. ಒಂದು ದಿನ ಹಲಗಿಯನ್ನ ಒಲಿಗೆ ಹಾಕಿದ. ಅಜ್ಜ ಬಿಟ್ಟದ್ದು ಬಿಟ್ಟಿ ಚಾಕರಿ. ಅದು ಸರಿ, ನೂರಕ್ಕ ನೂರು ಸರಿ. ಇವತ್ತು ಅವನ ಮರಿಮೊಮ್ಮಗ ತನ್ನ ಖುಷಿಗೆ, ತನ್ನ ವೇದಿಕೆ ಮ್ಯಾಲೆ, ತನ್ನ ರೊಕ್ಕಕ್ಕ ಹಲಗಿ ಹಿಡಿದರೆ ಅದೂ ಸರಿ. ಯಾರು ಕರೆದರು, ಎಲ್ಲಿ ಕೂಡಿಸಿದರು, ಎಷ್ಟು ಕೊಟ್ಟರು, ಇವು ಮೂರು ಪ್ರಶ್ನೆ ಕೇಳಿ ಹಿಡಿ ಅಂತೇನಿ. ಆದ್ರ ಅಜ್ಜನಿಗೆ ಗೊತ್ತಿದ್ದ ಬಡಿತಗಳು ಅವನ ಕೂಡ ಮಣ್ಣಾಗಬಾರದಿತ್ತು. ಬಂಗಲೆಯ ಮೆಟ್ಟಿಲ ಡ್ರಮ್ಮಿಗೆ ಮೈಕ್ ಇಟ್ಟವರು ಇದ್ದರು. ಬೆಂಕಿಗೆ ಕಾಸಿದ ಹಲಗಿಯ ಮುಂದೆ ಯಾರು ಇಟ್ಟರು?

ಡಿಜೆ ಬಗ್ಗೆಯೂ ಹೇಳಿಬಿಡ್ತೇನಿ. ಏಪ್ರಿಲ್ 14ಕ್ಕೆ ಹುಡುಗರು ಕುಣಿಯೋದು ನನಗ ಬ್ಯಾಸರ ಅಲ್ಲ. ವರ್ಷಪೂರ್ತಿ ತಲಿ ತಗ್ಗಿಸಿ ನಡೆದ ಓಣಿಯಾಗ ಒಂದು ದಿನ ಗಟ್ಟಿಯಾಗಿ ಕುಣೀಲಿ. ಆದ್ರ ಭೀಮಗೀತೆಯ ಕಡೇ ಅಂತರಾದಲ್ಲಿ ಕವಿ ತನ್ನ ಹೆಸರು ಇಟ್ಟಿರ್ತಾನ, ವಾಮನದಾದಾ ‘ವಾಮನ’ ಅಂತ ಇಟ್ಟಹಾಂಗ. ಡಿಜೆ ರಿಮಿಕ್ಸ್ ಪಲ್ಲವಿಯನ್ನಷ್ಟೇ ತಿರುಗಿಸಿ ತಿರುಗಿಸಿ ಹಾಕ್ತದ, ಹೆಸರಿರೋ ಜಾಗ ಕತ್ತರಿಸಿ ಹೋಗ್ತದ. ಅಲ್ಲಿ ಬಿಳಿಯ ತಂಡ ಮಾಡಿದ್ದನ್ನ ಇಲ್ಲಿ ನಾವೇ ಮಾಡ್ಕೊಳ್ಳಾಕತ್ತೀವಿ.

ಹುಡುಗರು ನನ್ನ ಲಿಸ್ಟ್ ಕೇಳಿದ್ದರು. ಹತ್ತು ಬ್ಯಾಡ, ಐದು ಸಾಕು:

1. ವಾಮನದಾದಾ ಕರ್ಡಕ್ (1922–2004). ಯಾವ ಹಾಡಾದರೂ ಸರಿ, ಕಡೇ ಅಂತರಾ ತನಕ ಕೇಳ್ರಿ.

2. ಅಣ್ಣಾಭಾವು ಸಾಠೆ ಅವರ ‘ಮಾಝಿ ಮೈನಾ’. ಸಾಂಗ್ಲಿ ಜಿಲ್ಲೆಯ ವಾಟೆಗಾಂವದ ಮಾಂಗ ಕೇರಿಯ ಶಾಹಿರ. ಅದರಾಗ ಬೆಳಗಾವಿ ಮಹಾರಾಷ್ಟ್ರಕ್ಕೆ ಸಿಗದ ನೋವೂ ಬರ್ತದ. ನಾನು ಕನ್ನಡದವ, ಆ ಮಾತು ಒಪ್ಪಂಗಿಲ್ಲ. ಹಾಡು ಮಾತ್ರ ಬಿಡಂಗಿಲ್ಲ. ಗಡಿ ಸರಕಾರದ್ದು, ದನಿ ನಮ್ಮದು.

3. ಸಿದ್ಧಲಿಂಗಯ್ಯ. 1975ರ ‘ಹೊಲೆಮಾದಿಗರ ಹಾಡು’ ಓದ್ರಿ, ಆಮೇಲೆ ದಸಂಸ ಸಂಗಾತಿಗಳು ತಮಟೆ ಜೋಡಿ ಹಾಡಿದ್ದನ್ನ ಕೇಳ್ರಿ.

4. ದಿ ಕಾಸ್ಟ್‌ಲೆಸ್ ಕಲೆಕ್ಟಿವ್, ಚೆನ್ನೈ. 2017ರಲ್ಲಿ ಪಾ. ರಂಜಿತ್ ಮತ್ತು ತೆನ್ಮಾ ಕಟ್ಟಿದ ತಂಡ. ಗಾನಾ ಹಾಡುಗಾರರು, ಗಿಟಾರು, ಸಾವಿನ ಮನೆಯ ಚರ್ಮವಾದ್ಯ ಒಂದೇ ವೇದಿಕೆ ಮ್ಯಾಲೆ. ರಾಕ್ ಬೇಕು ಅನ್ನೋರಿಗೆ ಇದು ನಮ್ಮ ರಾಕ್.

5. ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ, 1929. ಮೊದಲು ಇದನ್ನ ಕೇಳಿ, ಆಮೇಲೆ ಝೆಪ್ಲಿನ್ ಕೇಳ್ರಿ.

ಇದರ ಹೊರತಾಗಿ ಒಂದು ಸಿನಿಮಾ: 1982ರ ‘ತಂಬಾಕೂ ಚಾಕಿಲಾ ಊಬ ಆಲಿ’. ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದ ಹೆಣ್ಣುಮಕ್ಕಳು ನಿಪ್ಪಾಣಿಯ ತಂಬಾಕು ಕೆಲಸಗಾರ್ತಿಯರ ಜೊತೆ ಕೂತು ಮಾಡಿದ್ದು. ಅದರಾಗ ನಮ್ಮ ದೊಡ್ಡವ್ವನ ಸಾಲಿನ ಹೆಣ್ಣುಮಕ್ಕಳ ದನಿ ಉಳಿದೈತಿ. ಯಾಕಂದ್ರ ಯಾರೋ ಬಂದು ಮೈಕ್ ಹಿಡಿದರು.

ಮಿನ್ನಿ 1973ರಲ್ಲಿ ಬಡತನದಾಗ ಸತ್ತಳು. ಗೋರಿಗೆ ಕಲ್ಲೂ ಇರಲಿಲ್ಲ. 1996ರಲ್ಲಿ ಬಾನಿ ರೈಟ್ ಎಂಬ ಬಿಳಿಯ ಗಾಯಕಿ, ಆಕೆಯ ಹಾಡು ಕೇಳಿ ಬೆಳೆದಾಕಿ, ರೊಕ್ಕ ಕೊಟ್ಟು ಹೆಸರಿನ ಕಲ್ಲು ನೆಡಿಸಿದಳು. ಅಭಿಮಾನಿ ಅಂದ್ರ ನನ್ನ ಲೆಕ್ಕದಾಗ ಇದು.

ಅದಕ್ಕೇ ಹುಡುಗರಿಗೆ ಎರಡೇ ಕೆಲಸ ಹೇಳ್ತೇನಿ. ಹಾಡು ಶೇರ್ ಮಾಡುವಾಗ ಬರೆದವರು ಯಾರು, ಹಾಡಿದವರು ಯಾರು, ಯಾವ ಊರು, ಇಷ್ಟು ಬರೀರಿ. ಮತ್ತ ಈ ರವಿವಾರ ಊರಿಗೆ ಬಂದಾಗ ಕೇರಿಯ ಒಬ್ಬ ಅಜ್ಜಿಯ ಮುಂದೆ, ಒಬ್ಬ ಹಲಗಿ ಮುದುಕನ ಮುಂದೆ ಕುಂತು, ಅವರ ಒಪ್ಪಿಗಿ ಕೇಳಿ, ಫೋನ್ ಚಾಲೂ ಮಾಡ್ರಿ. ಚಾರ್ಜ್ ಉಳಿಸಬ್ಯಾಡ್ರಿ.

ಜೈ ಭೀಮ್.